ಹೀಗೆ ಮಲಗಿಸಲಾ?

ಕೋಕಂದ್ ಪಟ್ಟಣದ ಹಳೇ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷ ಹುಟ್ಟಿದ ಕೂಸುಗಳನ್ನೆಲ್ಲ ಮೊದಲ ಸಲ ತೊಟ್ಟಿಲಿಗೆ ಕಟ್ಟಿದವಳು ರಿಸಾಲತ್. ಈಗ ಆ ಓಣಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡುವ ಗಂಡಸರಲ್ಲಿ ಅರ್ಧ ಜನರ ಕೈಕಾಲು ಕಟ್ಟಿದ್ದಾಳೆ, ಅವರ ತೊಡೆಸಂದಿಗೆ ಕೊಳವೆ ಇಟ್ಟಿದ್ದಾಳೆ. ನೆಲದ ಮೇಲೇ ನಿಂತು ತೂಗುವ ತೊಟ್ಟಿಲು, ಅದರ ಹಾಸಿಗೆಯ ನಡುವೆ ಒಂದು ತೂತು, ತೂತಿನ ಕೆಳಗೆ ತುವಾಕ್ ಎನ್ನುವ ಮಣ್ಣಿನ ಕುಡಿಕೆ, ಕೂಸಿನಿಂದ ಕುಡಿಕೆಗೆ ಒಂದು ಮರದ ಕೊಳವೆ, ಮೇಲೆ ಎರಡು ಅಗಲ ಪಟ್ಟಿ. ಕೊಳವೆ ಒಂದು ಬೆರಳು ಓರೆಯಾದರೆ ಹಾಸಿಗೆ ಒದ್ದೆ, ಪಟ್ಟಿ ಒಂದೆಳೆ ಬಿಗಿಯಾದರೆ ಕೂಸಿನ ಮುಖ ಕೆಂಪು. ರಿಸಾಲತ್ ಕಟ್ಟಿದ ಕೂಸು ಒದ್ದೆಯಲ್ಲಿ ಮಲಗಿತು ಅಂತ ಇಷ್ಟು ವರ್ಷದಲ್ಲಿ ಯಾರೂ ಅಂದದ್ದಿಲ್ಲ.

ಅರವತ್ತೊಂದನೆಯ ವಯಸ್ಸಿಗೆ ಅವಳ ಕರುಳಲ್ಲಿ ಗಡ್ಡೆ ಬೆಳೆಯಿತು. ಹತ್ತಿ ಬಿಡಿಸುವ ಕಾಲ ಮುಗಿಯುವ ಹೊತ್ತಿಗೆ ಫರ್ಗಾನಾದ ಡಾಕ್ಟರು ಕೊಯ್ದು ತೆಗೆದರು, ಉಳಿದ ಕರುಳಿನ ತುದಿಯನ್ನು ಹೊಕ್ಕುಳ ಎಡಕ್ಕೆ ಹೊರಗೆ ತಂದು ಹೊಲಿದರು, ಅದರ ಮೇಲೊಂದು ಚೀಲ ಅಂಟಿಸಿದರು. ಕೆಳಗಿನ ದಾರಿ ಮುಚ್ಚಿತು. ಇನ್ನು ಸಾಯುವ ತನಕ ಹೀಗೇ ಅಂದರು. ಡಾಕ್ಟರು ಅವಳ ಜೀವ ಉಳಿಸಿಕೊಟ್ಟರು, ಅದರಲ್ಲಿ ಎರಡು ಮಾತಿಲ್ಲ. ಉಳಿದ ಆ ಜೀವವನ್ನು ಓಣಿಯ ಹೆಂಗಸರು ಹೇಗೆ ಹಿಂಡಿ ತಿಂದರು ಅನ್ನುವುದನ್ನು ಹೇಳಬೇಕಾಗಿದೆ. ಹೇಳುವುದಕ್ಕೆ ನನಗೇನೂ ಖುಷಿಯಿಲ್ಲ.

ಆಸ್ಪತ್ರೆಯಲ್ಲಿ ಐದು ದಿನ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಮಗಳು ಇನೋಬತ್ ನೋಡಲು ಬಂದಳು. ಮದುವೆಯಾಗಿ ಏಳು ವರ್ಷ ಬಸಿರಾಗದೆ, ಚಹಾ ಕೊಡಲು ಬಗ್ಗಿದಾಗಲೆಲ್ಲ ಅತ್ತೆ ಸದೋಕತ್ ತನ್ನ ಹೊಟ್ಟೆಯನ್ನೇ ನೋಡುವುದನ್ನು ಸಹಿಸಿಕೊಂಡು ಬಂದವಳು, ಈಗ ಐದು ತಿಂಗಳ ಬಸುರಿ. ಅಮ್ಮನ ಕೈ ಹಿಡಿದುಕೊಂಡು ಅತ್ತಳು. ಹೊದಿಕೆಯ ಕೆಳಗೆ ಉಬ್ಬಿದ್ದ ಜಾಗದ ಕಡೆ ಮಾತ್ರ ನೋಡಲಿಲ್ಲ.

"ಬೇಗ ಏಳಬೇಕಮ್ಮ ನೀವು. ನನ್ನ ಕೂಸನ್ನ ತೊಟ್ಟಿಲಿಗೆ ಹಾಕೋರು ನೀವೇ. ಬೇರೆ ಯಾರ ಕೈಗೂ ನಾನು ಕೊಡಲ್ಲ," ಅಂದಳು.

ರಿಸಾಲತ್ ಅದನ್ನು ನಂಬಿದಳು. ಅವಳ ತಪ್ಪು ಅಂತ ಏನಾದರೂ ಇದ್ದರೆ ಅದೊಂದೇ.

ಮಾರನೆ ದಿನ ವೇರಾ ಬಂದಳು. ವ್ಯಾಯಾಮ ಹೇಳಿಕೊಡುವ ನರ್ಸ್, ಕೊರಿಯಾದವರ ಮೊಮ್ಮಗಳು, ಆದರೆ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಮೃದುವಾಗಿ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ.

"ಆರು ದಿನದಿಂದ ಗೋಡೆ ನೋಡ್ತಾ ಇದೀಯಲ್ಲ ಬುವಿ, ಏನಂತು ಗೋಡೆ?"

ಬುವಿ ಅಂದರೆ ಅಜ್ಜಿ. ಅಜ್ಜಿ ಹೊದಿಕೆಯನ್ನು ಕಿವಿಯ ತನಕ ಎಳೆದುಕೊಂಡಳು.

"ಯಾವುದಾದರೂ ಕೆಲಸ ಇದೆಯಾ ಎದ್ದು ಮಾಡೋಕೆ? ಇಲ್ಲ ಅಂದ್ರೆ ಹೇಳು, ಪಕ್ಕದ ಮಂಚಕ್ಕೆ ಹೋಗ್ತೀನಿ. ಅಲ್ಲೊಬ್ಬಳು ಬದುಕಬೇಕು ಅಂತಿದ್ದಾಳೆ."

ರಿಸಾಲತ್ ಗೋಡೆ ಕಡೆಗೇ ಮುಖ ಮಾಡಿ ತೊಟ್ಟಿಲ ವಿಷಯ ಹೇಳಿದಳು. ಮೊಣಕಾಲೂರಿ ಕೂರಬೇಕು, ಮುಂದಕ್ಕೆ ಬಾಗಬೇಕು, ಕೂಸನ್ನು ಮೂರು ಸಲ ಎತ್ತಿ ಮಲಗಿಸಬೇಕು, ಪಟ್ಟಿ ಸುತ್ತಿ ಮುಗಿಯುವ ತನಕ ಬಾಗಿಯೇ ಇರಬೇಕು.

"ಎಷ್ಟು ತೂಗುತ್ತೆ ಕೂಸು?"

"ನಲವತ್ತು ದಿನದ್ದು. ಐದು ಕಿಲೊ ಇರುತ್ತೆ."

ವೇರಾ ಬೆರಳು ಮಡಚಿ ತಿಂಗಳು ಲೆಕ್ಕ ಹಾಕಿದಳು. "ಟೈಮಿದೆ. ಈಗ ಚಹಾ ಕುಡಿಕೆಗಿಂತ ಭಾರದ್ದು ಏನೇ ಎತ್ತಿದರೂ ಆ ತೂತಿನ ಪಕ್ಕ ಹೊಟ್ಟೆ ಬಿರಿದು ಕರುಳು ಚರ್ಮದಡಿಗೆ ಬಂದು ಕೂತ್ಕೊಳ್ಳುತ್ತೆ. ಆಮೇಲೆ ನನ್ನ ಹತ್ರ ಅಳಬೇಡ. ಏನೂ ಮಾಡದೆ ಬಿದ್ದುಕೊಂಡರೂ ಅದೇ ಗತಿ. ಬೆನ್ನ ಮೇಲೆ ಮಲಗು. ಮೊಣಕಾಲು ಮಡಚು. ಉಸಿರು ಬಿಡ್ತಾ ಹೊಟ್ಟೆ ಒಳಗೆ ಎಳಕೋ. ನಾನು ಬಿಡು ಅಂದಮೇಲೆ ಬಿಡು."

ಇಷ್ಟೇ. ಇದನ್ನು ವ್ಯಾಯಾಮ ಅಂತ ಕರೆಯಲು ಯಾರಿಗಾದರೂ ನಗು ಬರುತ್ತದೆ. ಹೊಟ್ಟೆಯನ್ನು ಒಂದು ಬೆರಳಿನಷ್ಟು ಒಳಗೆಳೆದು ಐದು ಎಣಿಸುವುದು, ಮಡಚಿದ ಮೊಣಕಾಲನ್ನು ಎಡಕ್ಕೆ ಸ್ವಲ್ಪ ಬಲಕ್ಕೆ ಸ್ವಲ್ಪ ವಾಲಿಸುವುದು, ಸೊಂಟವನ್ನು ಹಾಸಿಗೆಗೆ ಒತ್ತಿ ಬಿಡುವುದು. ಕೆಮ್ಮು ಬಂದರೆ ಚೀಲದ ಮೇಲೆ ಅಂಗೈ ಒತ್ತಿ ಕೆಮ್ಮುವುದು. ಏಳುವಾಗ ನೆಟ್ಟಗೆ ಏಳದೆ ಮಗ್ಗುಲಾಗಿ ಕೈಯೂರಿ ಏಳುವುದು. ಮೂರನೇ ಸಲಕ್ಕೇ ರಿಸಾಲತ್‌ಳ ಹಣೆ ಬೆವರಿತು. ವೇರಾ ಒಂದು ಹಾಳೆಯಲ್ಲಿ ಕಡ್ಡಿಯಂಥ ಮನುಷ್ಯರ ಆರು ಚಿತ್ರ ಬರೆದು ಅವಳ ದಿಂಬಿನಡಿ ಇಟ್ಟು ಹೋದಳು.

ಮನೆಗೆ ಬಂದ ಮೂರನೇ ದಿನ ಹೊಸಿಯತ್ ಬಂದಳು. ಹದಿನಾರು ವರ್ಷ ರಿಸಾಲತ್‌ಳ ಪಕ್ಕ ಕೂತು ಧೂಪದ ಬಾಣಲೆ ಹಿಡಿದವಳು, ಪಟ್ಟಿ ಎತ್ತಿಕೊಟ್ಟವಳು. ಎರಡು ಬಿಸಿ ನಾನ್ ತಂದಿದ್ದಳು. ರಿಸಾಲತ್‌ಳ ಪಾದದ ಹತ್ತಿರ ಕೂತು ಕಣ್ಣೊರೆಸಿಕೊಂಡಳು.

"ನನಗಿಂತ ನಿಮಗೆ ಯಾರು ಹತ್ತಿರದೋರು ಅಕ್ಕ? ತೋರಿಸಿ, ನೋಡ್ತೀನಿ. ನಾನೂ ನಿಮ್ಮ ನೋವು ತಿಳ್ಕೋಬೇಕಲ್ಲ."

ರಿಸಾಲತ್ ತೋರಿಸಿದಳು. ಹೊಸಿಯತ್ ಬಾಗಿ ಚೆನ್ನಾಗಿ ನೋಡಿದಳು, ಪಾಪ ಪಾಪ ಅಂದಳು, ಎದ್ದು ಹೋದಳು. ಹೊತ್ತು ಮುಳುಗುವ ಮೊದಲು ಅದರ ಬಣ್ಣ ಯಾವುದು, ಬಾಯಿ ಎಷ್ಟಗಲ, ಸದ್ದು ಯಾವ ಥರದ್ದು ಎಲ್ಲ ಓಣಿಗೆ ಗೊತ್ತಾಗಿತ್ತು. ವಾರ ಕಳೆಯುವುದರೊಳಗೆ ರಿಸಾಲತ್‌ಗೆ ಹೊಸ ಹೆಸರೂ ಬಿತ್ತು, ತುವಾಕ್ ಬುವಿ. ಕುಡಿಕೆ ಅಜ್ಜಿ. ಮೂವತ್ತೊಂದು ವರ್ಷ ಎಲ್ಲರ ಕೂಸಿಗೂ ಕುಡಿಕೆ ಕಟ್ಟಿದಳಲ್ಲ, ದೇವರು ಅವಳಿಗೂ ಒಂದು ಕಟ್ಟಿದ ಅಂತ ಹಿಟ್ಟು ನಾದುತ್ತ ನಗಾಡಿದರು. ಇದನ್ನು ಮೊದಲು ಅಂದವಳು ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಮಸೀದಿಯ ಮುಲ್ಲಾನನ್ನು ರಿಸಾಲತ್‌ಳ ಮಗ ಕೇಳಿ ಬಂದಿದ್ದ. ರೋಗಿಗೆ ವಿನಾಯಿತಿ ಇದೆ, ಪ್ರತಿ ನಮಾಜಿಗೂ ಕೈಕಾಲು ತೊಳೆದುಕೊಂಡರೆ ಸಾಕು, ಅವಳು ಶುದ್ಧವೇ ಅಂದಿದ್ದರು ಮುಲ್ಲಾ. ದೇವರು ಒಪ್ಪಿದ, ಓಣಿ ಒಪ್ಪಲಿಲ್ಲ. ಫೆಬ್ರವರಿಯಲ್ಲಿ ಎರಡು ಮನೆ ಆಚೆ ತೊಟ್ಟಿಲ ಶಾಸ್ತ್ರವಾಯಿತು. ಕಟ್ಟಿದವಳು ಹೊಸಿಯತ್. ರಿಸಾಲತ್‌ಗೆ ಒಂದು ಬಟ್ಟಲು ಪಲಾವ್ ಬಂತು. ತಂದ ಹುಡುಗಿ ಬಾಗಿಲಲ್ಲೇ ನಿಂತು ಸೊಸೆಗೆ ಹೇಳಿದಳು, "ಬಟ್ಟಲು ವಾಪಸ್ ಕೊಡೋದು ಬೇಡವಂತೆ."

ನಮ್ಮಲ್ಲಿ ಪಕ್ಕದ ಮನೆಯ ಬಟ್ಟಲನ್ನು ಖಾಲಿ ವಾಪಸ್ ಕೊಡುವವರಿಲ್ಲ. ಒಂದು ಹಿಡಿ ಒಣದ್ರಾಕ್ಷಿಯನ್ನಾದರೂ ಹಾಕಿಯೇ ಕೊಡುತ್ತಾರೆ. ಬಟ್ಟಲೇ ಬೇಡ ಅನ್ನುವುದು ನಾಯಿಗೆ ಹಾಕಿದ ಪಾತ್ರೆಗೆ ಮಾತ್ರ. ರಿಸಾಲತ್ ಆ ಬಟ್ಟಲು ನೋಡಿದಳು, ಅಂಚು ಒಡೆದಿತ್ತು. ಒಳಗೆ ಹೋಗಿ ಬೆನ್ನ ಮೇಲೆ ಮಲಗಿ ಮೊಣಕಾಲು ಮಡಚಿದಳು.

ಎಣಿಸುತ್ತಿದ್ದವಳು ಸೊಸೆ ಮಹಲಿಯೊ. ಮದುವೆಯಾಗಿ ಎರಡು ವರ್ಷ, ಬಾಯಿ ಕತ್ತರಿ. ಅತ್ತೆಯ ಚೀಲವನ್ನು ಮೊದಲ ತಿಂಗಳೆಲ್ಲ ಬದಲಿಸಿದವಳೂ ಅವಳೇ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೈದುಕೊಂಡು, ಆದರೆ ಒಂದು ದಿನವೂ ತಪ್ಪಿಸದೆ.

"ಒಂದು. ಎರಡು. ಮೂರು. ಅತ್ತೆ, ಇದು ಹೊಟ್ಟೆ ಎಳಕೊಂಡಿದ್ದಾ, ಇಲ್ಲ ಮುಖ ಕಿವುಚಿದ್ದಾ? ನನ್ನ ಮದುವೇಲಿ ಇಡೀ ಬೀದಿಗೆ ಬಗ್ಗಿ ಸಲಾಮು ಮಾಡಿದಾಗಲೂ ನಾನು ಇಷ್ಟು ನರಳಲಿಲ್ಲ."

"ಎಣಿಸೇ ಸುಮ್ಮನೆ."

"ಮರೆತುಹೋಯ್ತು. ಮೊದಲಿಂದ."

ಚೀಲದೊಳಗೆ ಗಾಳಿ ಹೊರಟು ಪುಸ್ಸೆಂದರೆ ಸೊಸೆ ಬಾಗಿಲ ಕಡೆ ತಿರುಗುತ್ತಿದ್ದಳು. "ಬನ್ನಿ, ಒಳಗೆ ಬನ್ನಿ. ಯಾರೋ ನೆಂಟರು ಬಂದ ಹಾಗಾಯ್ತು." ಮೊದಮೊದಲು ರಿಸಾಲತ್ ಅತ್ತಳು. ಆಮೇಲೆ ಬೈದಳು. ಜನವರಿ ಮುಗಿಯುವ ಹೊತ್ತಿಗೆ ತಾನೇ "ನೆಂಟರಿಗೆ ಚಹಾ ಇಡು ಹೋಗು" ಅನ್ನುವುದಕ್ಕೆ ಶುರುಮಾಡಿದಳು. ಆ ಮನೆಯಲ್ಲಿ ಆ ಸದ್ದಿಗೆ ಹೆದರುವವರು ಯಾರೂ ಉಳಿಯಲಿಲ್ಲ.

ಮೂರು ತಿಂಗಳಾದ ಮೇಲೆ ತೋರಿಸಲು ಹೋದಾಗ ವೇರಾ ಅವಳ ಹೊಟ್ಟೆ ಒತ್ತಿ ನೋಡಿದಳು, ಕೆಮ್ಮಿಸಿದಳು, ಇನ್ನು ಭಾರ ಎತ್ತುವುದನ್ನು ಕಲಿ ಅಂದಳು. ಒಂದು ಕಿಲೊದಿಂದ ಶುರು, ಹತ್ತು ದಿನಕ್ಕೆ ಅರ್ಧ ಕಿಲೊ ಜಾಸ್ತಿ, ಎತ್ತುವಾಗ ಉಸಿರು ಹೊರಗೆ, ಹೊಟ್ಟೆ ಒಳಗೆ, ಬಗ್ಗಿಸಬೇಕಾದ್ದು ಬೆನ್ನಲ್ಲ, ಮೊಣಕಾಲು. ರಿಸಾಲತ್ ದಪ್ಪ ಬಟ್ಟೆಯ ಚೀಲವೊಂದರಲ್ಲಿ ಒಂದು ಕಿಲೊ ಅಕ್ಕಿ ಹಾಕಿಸಿದಳು. ಮಹಲಿಯೊ ಅದಕ್ಕೊಂದು ಕುಲಾವಿ ಹೊಲಿದು ಇದ್ದಿಲಲ್ಲಿ ಕಣ್ಣು ಬಾಯಿ ಬರೆದಳು.

"ನಿಮ್ಮ ಬೀಗಿತ್ತಿ ಸದೋಕತ್ ಥರಾನೇ ಇದೆ ಅಲ್ವಾ? ಮೂಗು ನೋಡಿ."

ಅಕ್ಕಿಯ ಕೂಸು ಬೆಳೆಯುತ್ತ ಹೋಯಿತು. ಎರಡು ಕಿಲೊ, ಎರಡೂವರೆ, ಮೂರು. ಬೆಳಿಗ್ಗೆ ರಿಸಾಲತ್ ಗಿರಣಿಯ ಗೋಡೆ ಸುತ್ತಿ ನಡೆದು ಬರುತ್ತಿದ್ದಳು, ಬೇಗ ಅಲ್ಲ, ಆದರೆ ನಿಲ್ಲದೆ. ಬಾವಿಯ ಹತ್ತಿರ ನೀರು ಸೇದುವ ಹೆಂಗಸರು ಅವಳು ಹಾದುಹೋಗುವಾಗ ತಲೆವಸ್ತ್ರದ ತುದಿ ಮೂಗಿಗೆ ಹಿಡಿಯುತ್ತಿದ್ದರು. ವಾಸನೆ ಏನೂ ಇರಲಿಲ್ಲ. ಇದ್ದಿದ್ದರೆ ಮಹಲಿಯೊ ಅವಳನ್ನು ಬಾಗಿಲು ದಾಟಲು ಬಿಡುತ್ತಿರಲಿಲ್ಲ.

ಮಾರ್ಚ್ ಮೊದಲ ವಾರ ಇನೋಬತ್ ಗಂಡು ಹೆತ್ತಳು. ದಿಯೋರ್ ಅಂತ ಹೆಸರಿಟ್ಟರು. ತೊಟ್ಟಿಲು ಕೊಡಿಸುವುದು ಹೆಣ್ಣಿನ ತಾಯಿಯ ಹಕ್ಕು. ರಿಸಾಲತ್ ಹಿಪ್ಪುನೇರಳೆ ಮರದ ತೊಟ್ಟಿಲನ್ನು ಮಾಡಿಸಿದಳು, ಕೆಂಪು ಹಳದಿ ಬಣ್ಣ ಹಾಕಿಸಿದಳು. ಅದು ಅವಳ ಮನೆಯ ಮೊಗಸಾಲೆಗೆ ಬಂದು ಕೂತಿತು. ಈಗ ಅಭ್ಯಾಸಕ್ಕೆ ನಿಜವಾದ ತೊಟ್ಟಿಲೇ ಸಿಕ್ಕಿತು. ದಿನಾ ಬೆಳಿಗ್ಗೆ ಅದರ ಪಕ್ಕ ಮೊಣಕಾಲೂರಿ, ಉಸಿರು ಬಿಡುತ್ತ ಅಕ್ಕಿಯ ಕೂಸನ್ನು ಎತ್ತಿ, ಮಲಗಿಸಿ, ಪಟ್ಟಿ ಸುತ್ತಿ ಬಿಚ್ಚುತ್ತಿದ್ದಳು. ತೂಗುತ್ತಿರಲಿಲ್ಲ. ಖಾಲಿ ತೊಟ್ಟಿಲು ತೂಗಿದರೆ ಅದರಲ್ಲಿ ಮಲಗುವ ಕೂಸಿಗೆ ಹೊಟ್ಟೆನೋವು ಅಂತ ನಮ್ಮಲ್ಲಿ ಈಗಷ್ಟೇ ಮಾತು ಕಲಿತ ಮಕ್ಕಳಿಗೂ ಗೊತ್ತು, ಮೂವತ್ತೊಂದು ವರ್ಷದ ಕಸುಬಿನವಳಿಗೆ ಗೊತ್ತಿಲ್ಲದೆ ಇರುತ್ತದೆಯೇ. ತೊಟ್ಟಿಲ ಕಾಲಿನಡಿ ಎರಡು ಇಟ್ಟಿಗೆ ಕೊಟ್ಟು ಅಲ್ಲಾಡದ ಹಾಗೆ ನಿಲ್ಲಿಸಿಕೊಂಡಿದ್ದಳು.

ಹೊಸಿಯತ್ ಒಂದು ದಿನ ಯಾವುದೋ ನೆಪ ಹೇಳಿಕೊಂಡು ಒಳಗೆ ಬಂದಳು. ರಿಸಾಲತ್ ಬೆನ್ನು ಮಾಡಿ ಕೂತಿದ್ದಳು, ಕುಲಾವಿ ಹಾಕಿದ ಚೀಲಕ್ಕೆ ಪಟ್ಟಿ ಸುತ್ತುತ್ತಿದ್ದಳು.

"ಇದೇನಕ್ಕ, ಇನ್ನೂ ಕಟ್ಟೋ ಆಸೆಯಾ?"

"ನನ್ನ ಮೊಮ್ಮಗನನ್ನ ನಾನಲ್ಲದೆ ಯಾರು ಕಟ್ತಾರೆ?"

"ಹೌದು ಬಿಡಿ. ಯಾರು ಕಟ್ತಾರೆ," ಅಂದು ಹೊಸಿಯತ್ ಇಟ್ಟಿಗೆಗಳನ್ನೂ ನೋಡಿದಳು, ಅಕ್ಕಿ ಚೀಲವನ್ನೂ ನೋಡಿದಳು. ಮೂರು ದಿನದ ಮೇಲೆ ಸದೋಕತ್ ಮನೆಗೆ ಹೋಗಿ ಚಹಾ ಕುಡಿದು ಬಂದಳು. ಆ ಮನೆಗೆ ಅವಳು ಹಿಂದೆಂದೂ ಹೋದವಳಲ್ಲ.

ಏಪ್ರಿಲ್ ನಡುವೆ ನಲವತ್ತು ದಿನ ತುಂಬಿತು. ಶಾಸ್ತ್ರಕ್ಕೆ ಎರಡು ದಿನ ಮೊದಲಿಂದ ರಿಸಾಲತ್ ಈರುಳ್ಳಿ ಮುಟ್ಟಲಿಲ್ಲ, ಹೆಸರುಬೇಳೆ ಮುಟ್ಟಲಿಲ್ಲ, ಹಾಲು ಕುಡಿಯಲಿಲ್ಲ. ಆ ಬೆಳಿಗ್ಗೆ ಹೊಸ ಚೀಲ ಅಂಟಿಸಿಕೊಂಡಳು. ಮಹಲಿಯೊ ಸುತ್ತಲೂ ಬೆರಳಾಡಿಸಿ ಅಂಟು ಪರೀಕ್ಷೆ ಮಾಡಿದಳು, ಮೂಗು ಹತ್ತಿರ ತಂದು ಮೂಸಿದಳು.

"ಏನೂ ಇಲ್ಲ. ನಿಮ್ಮ ಬೀಗಿತ್ತಿ ಬಾಯಿಗಿಂತ ಚೊಕ್ಕಟವಾಗಿದೆ."

ಸದೋಕತ್ ಮನೆಯ ದೊಡ್ಡ ಕೋಣೆಯಲ್ಲಿ ಮೂವತ್ತು ಹೆಂಗಸರು ಗೋಡೆಗೊರಗಿ ಕೂತಿದ್ದರು. ನಡುವೆ ಹಲ್ವಾ, ಬಾದಾಮಿ, ನಾನ್ ರಾಶಿ. ತೊಟ್ಟಿಲನ್ನು ಗಂಡಸರು ಬಾಗಿಲ ತನಕ ಹೊತ್ತು ತಂದರು. ಸದೋಕತ್ ಎದುರು ಬಂದು ರಿಸಾಲತ್‌ಳ ಎರಡು ಭುಜ ಹಿಡಿದಳು, ಕೆನ್ನೆಗೆ ಕೆನ್ನೆ ತಾಗಿಸಲಿಲ್ಲ. "ಬನ್ನಿ ಬೀಗಿತ್ತಿ, ನಿಮ್ಮ ಜಾಗಕ್ಕೆ ಬನ್ನಿ," ಅಂದಳು. ಬಹಳ ಸಕ್ಕರೆ ಹಾಕಿದ ದನಿ. ಒಬ್ಬಳು ಹುಡುಗಿ ಹೂಜಿ ತಂದು ರಿಸಾಲತ್‌ಳ ಕೈಗೆ ನೀರು ಹಾಕಿದಳು. ಆಮೇಲೆ ಹೊಸಿಯತ್‌ಳ ಕೈಗೂ ಹಾಕಿದಳು. ಧೂಪ ಹಿಡಿಯುವವಳಿಗೆ ಯಾಕೆ ನೀರು ಅಂತ ರಿಸಾಲತ್‌ಗೆ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದು ಹಾಗೇ ಹೋಯಿತು.

ಅವಳು ತೊಟ್ಟಿಲ ಪಕ್ಕಕ್ಕೆ ಬಂದಳು. ಎಡಗೈ ಹೊಟ್ಟೆಗೆ, ಬಲ ಮೊಣಕಾಲು ಮೊದಲು, ಎಡದ್ದು ಆಮೇಲೆ. ಇನೋಬತ್ ಕೂಸನ್ನು ತಂದು ಅವಳ ಮುಂದೆ ಮೆತ್ತೆಯ ಮೇಲಿಟ್ಟಳು, ಕೈಗೆ ಕೊಡಲಿಲ್ಲ. ರಿಸಾಲತ್ ಉಸಿರು ಬಿಟ್ಟಳು, ಹೊಟ್ಟೆ ಒಳಗೆಳೆದುಕೊಂಡಳು, ಎತ್ತಿದಳು. ಐದು ಕಿಲೊ ಮೇಲಿತ್ತು. ಅಕ್ಕಿಯ ಕೂಸಿನಷ್ಟೇ ಸಲೀಸಾಗಿ ಬಂತು. ಎಲ್ಲಿಯೂ ನೋಯಲಿಲ್ಲ, ಎಲ್ಲಿಯೂ ಎಳೆಯಲಿಲ್ಲ, ಚೀಲ ತುಟಿ ಪಿಟಕ್ಕೆನ್ನಲಿಲ್ಲ. ಕೂಸಿನ ಕುತ್ತಿಗೆಯ ಹಾಲಿನ ವಾಸನೆ ಮೂಗಿಗೆ ಬಂತು. ಆಪರೇಷನ್ ಆದ ಮೇಲೆ ಅವಳಿಗೆ ಖುಷಿಯಾದದ್ದು ಅದೇ ಮೊದಲು. ಗೋಡೆ ನೋಡಿಕೊಂಡು ಮಲಗಿದ್ದ ಆರು ದಿನಗಳ ಬಗ್ಗೆ ಅವಳಿಗೆ ನಾಚಿಕೆಯಾಯಿತು.

ಇಲ್ಲೊಂದು ಆಟವಿದೆ. ಕಟ್ಟುವ ಅಜ್ಜಿ ಕೂಸನ್ನು ಮೊದಲು ತಲೆಕೆಳಗಾಗಿ ಮಲಗಿಸಿ ಹೀಗಾ ಅಂತ ಕೇಳಬೇಕು. ಹಾಗಲ್ಲ ಅಂತ ಎಲ್ಲರೂ ಕೂಗಬೇಕು. ಎರಡನೇ ಸಲ ಅಡ್ಡ ಮಲಗಿಸಬೇಕು, ಮತ್ತೆ ಕೂಗಬೇಕು. ಮೂರನೇ ಸಲ ಸರಿಯಾಗಿ ಮಲಗಿಸಿದಾಗ ಹಾಂ, ಹಾಗೇ ಅಂದು ಎಲ್ಲರೂ ಸಕ್ಕರೆ ಉಂಡೆ ಎರಚಬೇಕು. ರಿಸಾಲತ್ ಇದನ್ನು ಎಷ್ಟು ಸಲ ಆಡಿದ್ದಳೋ.

ಅವಳು ಕೂಸಿನ ಕಾಲನ್ನು ತಲೆಯ ಕಡೆಗೆ ಮಾಡಿ ಮಲಗಿಸಿದಳು. "ಹೀಗೆ ಮಲಗಿಸಲಾ?"

"ಹಾಗಲ್ಲ, ಹಾಗಲ್ಲ," ಅಂತ ಹೆಂಗಸರು ಕೂಗಿ ನಕ್ಕರು.

ಎತ್ತಿ, ಅಡ್ಡ ಮಲಗಿಸಿದಳು. "ಹೀಗೆ ಮಲಗಿಸಲಾ?"

"ಹಾಗಲ್ಲ, ಹಾಗಲ್ಲ."

ಎತ್ತಿದಳು. ತಲೆ ತಲೆಯ ಕಡೆಗೆ, ಸೊಂಟ ತೂತಿನ ಮೇಲೆ ನೇರವಾಗಿ. ಕೊಳವೆಗೆ ಕೈ ಚಾಚುತ್ತ ನಗುಮುಖದಲ್ಲಿ ಕೇಳಿದಳು. "ಹೀಗೆ ಮಲಗಿಸಲಾ?"

"ಹಾಗಲ್ಲ," ಅಂದಳು ಸದೋಕತ್. ಅವಳ ಹಿಂದೆ ಐದಾರು ಜನ "ಹಾಗಲ್ಲ" ಅಂದರು.

ಆಟ ಬೆಳೆಸುತ್ತಿದ್ದಾರೆ ಅಂದುಕೊಂಡಳು ರಿಸಾಲತ್. ಏಳು ವರ್ಷ ಕಾದ ಕೂಸು, ಬೆಳೆಸಲಿ. ಕೂಸಿನ ಕುತ್ತಿಗೆ ಸರಿಮಾಡಿದಳು, ಸೊಂಟ ಮತ್ತೊಮ್ಮೆ ಅಳೆದಳು, ತಲೆಯೆತ್ತಿ ಕೇಳಿದಳು. "ಈಗ? ಹೀಗೆ ಮಲಗಿಸಲಾ?"

"ಹಾಗಲ್ಲ."

ಈ ಸಲ ಯಾರೂ ನಗಲಿಲ್ಲ. ಒಬ್ಬಳು ಬಾದಾಮಿ ಸಿಪ್ಪೆ ಬಿಡಿಸುತ್ತ ಕೆಳಗೆ ನೋಡಿದಳು. ರಿಸಾಲತ್ ಮತ್ತೂ ಒಮ್ಮೆ ಕೂಸನ್ನು ಸರಿಪಡಿಸಿದಳು, ನೋಡಿ, ಅಷ್ಟು ದಡ್ಡಿ. ಸರಿಯಾಗಿಯೇ ಇದ್ದ ತಲೆಯನ್ನು ಇನ್ನೂ ಸರಿಮಾಡಿದಳು. ಆಮೇಲೆ ಮಗಳ ಕಡೆ ತಿರುಗಿ ಅವಳೊಬ್ಬಳನ್ನೇ ಕೇಳಿದಳು, ಮೆತ್ತಗೆ.

"ಇನೋಬತ್, ಹೀಗೆ ಮಲಗಿಸಲಾ?"

ಇನೋಬತ್ ಅತ್ತೆಯ ಮುಖ ನೋಡಿದಳು. ಆಮೇಲೆ ಅಮ್ಮನ ಮುಖವಲ್ಲ, ಅಮ್ಮನ ಹೊಟ್ಟೆ ನೋಡಿದಳು. ಆಸ್ಪತ್ರೆಯಲ್ಲಿ ನೋಡದೆ ಇದ್ದ ಜಾಗವನ್ನು ಅಷ್ಟು ಜನರ ಎದುರಿಗೆ ನೋಡಿದಳು.

"ಹಾಗಲ್ಲಮ್ಮ," ಅಂದಳು.

ಹೊಸಿಯತ್ ಅಷ್ಟರಲ್ಲಿ ಧೂಪದ ಬಾಣಲೆಯನ್ನು ಪಕ್ಕದವಳಿಗೆ ಕೊಟ್ಟಾಗಿತ್ತು. ಅಂಗಿಯ ತೋಳು ಮಡಚಿಕೊಂಡಾಗಿತ್ತು, ಕೈ ಮೊದಲೇ ತೊಳೆದಾಗಿತ್ತು. ರಿಸಾಲತ್‌ಗೆ ಹೂಜಿಯ ನೀರು ನೆನಪಾಯಿತು. ಎಲ್ಲವೂ ಮೊದಲೇ ಮಾತಾಗಿತ್ತು. ಹೆಣ್ಣಿನ ತಾಯಿಯನ್ನು ಶಾಸ್ತ್ರಕ್ಕೆ ಕೂರಿಸಲಿಲ್ಲ ಅಂತ ನಾಲ್ಕು ಜನ ಆಡಿಕೊಳ್ಳಬಾರದು, ಅದಕ್ಕೆ ಕೂರಿಸಿದರು. ಕೆಟ್ಟ ಮಾತನ್ನು ಯಾರೂ ಆಡಬಾರದು, ಅದಕ್ಕೆ ಆಟದೊಳಗೇ ಮುಗಿಸಿದರು. ಇಂಥ ಜಾಣತನ ಅವರಿಗೆ ಎಲ್ಲಿಂದ ಬರುತ್ತದೋ, ಹಾಳಾದವರಿಗೆ.

"ಬಿಡಿ ಅಕ್ಕ, ನಿಮಗೆ ಆಯಾಸ," ಅಂದಳು ಹೊಸಿಯತ್.

ರಿಸಾಲತ್ ಪಕ್ಕಕ್ಕೆ ಸರಿದು ಗೋಡೆಯ ಹತ್ತಿರ ಕೂತಳು. ಹೊಸಿಯತ್ ಕೂಸನ್ನು ತಿರುಗಿಸಲೂ ಇಲ್ಲ. ರಿಸಾಲತ್ ಮಲಗಿಸಿದ ಹಾಗೇ ಬಿಟ್ಟು ಕೇಳಿದಳು, "ಹೀಗೆ ಮಲಗಿಸಲಾ?"

"ಹಾಂ, ಹಾಗೇ," ಅಂದರು ಎಲ್ಲರೂ ಒಟ್ಟಿಗೆ. ಸಕ್ಕರೆ ಉಂಡೆ ಎರಚಿದರು. ಒಂದು ಬಂದು ರಿಸಾಲತ್‌ಳ ಮಡಿಲಿಗೆ ಬಿತ್ತು.

ಹೊಸಿಯತ್ ಕೊಳವೆ ಇಟ್ಟಳು, ಪಟ್ಟಿ ಸುತ್ತಿದಳು, ತೊಟ್ಟಿಲ ಮೇಲೆ ಏಳು ಹೊದಿಕೆ ಹೊದಿಸಿದಳು, ತೂಗಿದಳು. ಕೊಳವೆ ಒಂದು ಬೆರಳು ಓರೆಯಾದದ್ದು ಕೂತಲ್ಲಿಂದಲೇ ರಿಸಾಲತ್‌ಗೆ ಕಾಣಿಸಿತ್ತು. ಚಹಾ ಬಂತು, ಪಲಾವ್ ಬಂತು. ಹೆಂಗಸರು ತಿನ್ನುತ್ತ ಜೋರಾಗಿ ಮಾತಾಡಿದರು. ಅವಳ ಎರಡು ಪಕ್ಕದಲ್ಲೂ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಆ ಕಡೆ ಮಹಲಿಯೊ ತಟ್ಟೆ ಎತ್ತುವವರ ಜೊತೆ ನಿಂತು ಇದನ್ನೆಲ್ಲ ನೋಡುತ್ತಿದ್ದಳು.

ಅರ್ಧ ಗಂಟೆ ಆಗಿರಬೇಕು. ಕೂಸು ಚೀರಿತು. ಅದರ ಜೊತೆಗೇ ಒಂದು ವಾಸನೆ ಎದ್ದಿತು. ಸದೋಕತ್‌ಳ ಹೊಸ ರೇಷ್ಮೆ ಹಾಸಿನ ಮೇಲೆ ಒಂದು ಒದ್ದೆಗೆರೆ ಹರಿದು ಬಂತು.

ಮೂವತ್ತು ತಲೆಗಳು ತಿರುಗಿದವು. ತೊಟ್ಟಿಲ ಕಡೆಗಲ್ಲ, ರಿಸಾಲತ್‌ಳ ಕಡೆಗೆ. ಬಾದಾಮಿ ಬಿಡಿಸುತ್ತಿದ್ದವಳು ತಲೆವಸ್ತ್ರದ ತುದಿಯನ್ನು ಮೂಗಿಗೆ ಹಿಡಿದಳು. ಇನೋಬತ್ ಒಂದು ಟವಲ್ ಹಿಡಿದುಕೊಂಡು ಅಮ್ಮನ ಹತ್ತಿರ ಓಡಿಬಂದಳು, ಮುಖ ಕೆಂಪಾಗಿತ್ತು.

"ಏಳಿ ಅಮ್ಮ, ಒಳಗೆ ಹೋಗಿಬಿಡಿ. ನನ್ನ ಮಾನ ತೆಗೀಬೇಡಿ."

ರಿಸಾಲತ್‌ಳ ಕೈ ತಾನಾಗಿ ಹೊಟ್ಟೆಗೆ ಹೋಯಿತು. ಅವಳಿಗೂ ಅನುಮಾನ ಬಂದಿತ್ತು, ಅದೇ ಎಲ್ಲಕ್ಕಿಂತ ಕೆಟ್ಟದ್ದು. ಅಂಗೈಗೆ ಒಣಬಟ್ಟೆ ಸಿಕ್ಕಿತು. ಅಂಚಿನ ಸುತ್ತ ಬೆರಳಾಡಿಸಿದಳು, ಎಲ್ಲ ಒಣಗಿತ್ತು.

"ಅತ್ತೇದಲ್ಲ," ಅಂದಳು ಮಹಲಿಯೊ ಅಲ್ಲಿಂದಲೇ. ಕೈಯಲ್ಲಿದ್ದ ತಟ್ಟೆಗಳನ್ನು ಕೆಳಗಿಟ್ಟು ಬಂದು ತೊಟ್ಟಿಲ ಏಳು ಹೊದಿಕೆಯನ್ನೂ ಒಟ್ಟಿಗೆ ಎತ್ತಿ ಹಿಂದಕ್ಕೆ ಎಸೆದಳು. "ಕೂಸಿಂದು. ಕೊಳವೆ ಕೂಸಿನ ತೊಡೆಗೆ ಇಟ್ಟಿದಾಳೆ ಹೊಸಿಯತ್ ಬುವಿ, ಬೇಕಾದ ಕಡೆ ಇಟ್ಟಿಲ್ಲ. ಎಲ್ಲರೂ ಬಂದು ಮೂಸಿ ನೋಡಿ, ಮೂಗು ಹೇಗೂ ಹಿಡ್ಕೊಂಡಿದೀರಿ."

ಯಾರೂ ಏಳಲಿಲ್ಲ. ಹೊಸಿಯತ್ ತನ್ನ ಕೈಗಳನ್ನು ನೋಡಿಕೊಂಡಳು. ಕೊನೆಗೆ ಸದೋಕತ್ ಬಾಯಿಬಿಟ್ಟಳು.

"ಖಾಲಿ ತೊಟ್ಟಿಲು ತೂಗಿದ್ರೆ, ಕೂಸಿನ ಜಾಗದಲ್ಲಿ ಅಕ್ಕಿ ಚೀಲ ಮಲಗಿಸಿದ್ರೆ, ಇನ್ನೇನಾಗುತ್ತೆ."

"ತೂಗಲಿಲ್ಲ," ಅಂದಳು ರಿಸಾಲತ್. ಆ ದಿನ ಅವಳು ತನ್ನ ಪರವಾಗಿ ಆಡಿದ ಮಾತು ಇದೊಂದೇ, ಅದೂ ಯಾರ ಕಿವಿಗೂ ಹೋಗಲಿಲ್ಲ. ಹೆಂಗಸರ ಮುಖಗಳು ಹಗುರಾಗಿದ್ದವು. ಹೌದಲ್ಲ, ಖಾಲಿ ತೊಟ್ಟಿಲು ತೂಗಿದಳಂತೆ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಹೊಸಿಯತ್ ನಿಟ್ಟುಸಿರು ಬಿಟ್ಟಳು.

ಕೂಸು ಅಳುತ್ತಲೇ ಇತ್ತು. ಇನೋಬತ್ ಟವಲ್ ಹಿಡಿದುಕೊಂಡು ಅಮ್ಮನ ಮುಂದೆ ನಿಂತೇ ಇದ್ದಳು. ಅವಳ ತುಟಿ ಅಲ್ಲಾಡಿತು. ಅಮ್ಮ, ನೀವೇ ಒಂದು ಸಲ ನೋಡಿ ಅನ್ನಲು ಹೊರಟಿದ್ದಳೋ ಏನೋ. ಅತ್ತೆ ಕೆಮ್ಮಿದಳು, ಮಾತು ಅಲ್ಲೇ ನಿಂತಿತು. ರಿಸಾಲತ್ ಅದಕ್ಕಾಗಿ ಸ್ವಲ್ಪ ಹೊತ್ತು ಕಾದಳು. ಮಗಳು ಕರೆದಿದ್ದರೆ ಆ ಮೂವತ್ತು ಜನರ ಎದುರಿಗೂ ತೆವಳಿಕೊಂಡು ಹೋಗಿ ಕಟ್ಟಿ ಬರುತ್ತಿದ್ದಳು.

ಆಮೇಲೆ ಎದ್ದಳು. ವೇರಾ ಕಲಿಸಿದ ಹಾಗೆ, ಮಗ್ಗುಲಾಗಿ, ಒಂದು ಕೈ ನೆಲಕ್ಕೆ, ಒಂದು ಕೈ ಹೊಟ್ಟೆಗೆ, ಮೊದಲು ಒಂದು ಮೊಣಕಾಲು. ಯಾರ ಕೈಯನ್ನೂ ಹಿಡಿಯದೆ ನೆಟ್ಟಗೆ ನಿಂತಳು. ಅವಳು ಕೂತಿದ್ದ ಜಾಗ ಒಣಗಿತ್ತು, ಎಲ್ಲರಿಗೂ ಕಂಡಿತು. ಮಡಿಲಲ್ಲಿದ್ದ ಸಕ್ಕರೆ ಉಂಡೆಯನ್ನು ಮಗಳ ಟವಲಿನ ಮೇಲಿಟ್ಟು ಹೊರಗೆ ಹೋದಳು.

ಮನೆಗೆ ಬಂದು ಅಕ್ಕಿಯ ಕೂಸಿನ ಕುಲಾವಿ ಬಿಚ್ಚಿದಳು. "ಇದನ್ನ ಪಲಾವಿಗೆ ಹಾಕು," ಅಂದಳು ಸೊಸೆಗೆ. ಯಾವುದಕ್ಕೂ ಹಿಂದೆಮುಂದೆ ನೋಡದ ಮಹಲಿಯೊ ಚೀಲದ ಮೇಲಿದ್ದ ಇದ್ದಿಲಿನ ಕಣ್ಣು ಬಾಯಿಯನ್ನು ಮೊದಲು ಅಂಗೈಯಿಂದ ಒರೆಸಿದಳು. ಆಮೇಲೆ ಅಕ್ಕಿ ತೊಳೆದು ಬೇಯಿಸಿದಳು. ಈರುಳ್ಳಿ ಜಾಸ್ತಿ ಹಾಕು ಅಂದಳು ರಿಸಾಲತ್, ಎರಡು ಸಲ ಬಡಿಸಿಕೊಂಡಳು.

ಮಾರನೆ ಬೆಳಿಗ್ಗೆ ಮಹಲಿಯೊ ಒಳಗೆ ಬಂದಾಗ ರಿಸಾಲತ್ ಬೆನ್ನ ಮೇಲೆ ಮಲಗಿದ್ದಳು. ಮೊಣಕಾಲು ಮಡಚಿತ್ತು, ಕೈಗಳು ಪಕ್ಕದಲ್ಲಿದ್ದವು. ಸೊಸೆ ಬಾಗಿಲಿಗೆ ಒರಗಿ ನಿಂತಳು.

"ಇನ್ನೂ ಯಾಕೆ ಅತ್ತೆ? ಯಾರನ್ನ ಎತ್ತೋಕೆ?"

ಚೀಲದೊಳಗೆ ರಾತ್ರಿಯ ಈರುಳ್ಳಿ ಪುಸ್ಸೆಂದಿತು. ಸೊಸೆ ಬಾಗಿಲ ಕಡೆ ತಿರುಗಲಿಲ್ಲ, ನೆಂಟರನ್ನು ಕರೆಯಲಿಲ್ಲ. ರಿಸಾಲತ್ ಸೂರು ನೋಡುತ್ತ ಉಸಿರು ಬಿಟ್ಟು ಹೊಟ್ಟೆ ಒಳಗೆಳೆದುಕೊಂಡಳು.

"ನೀನು ಎಣಿಸು," ಅಂದಳು.